ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುತ್ತಿದೆಯೇ? ಜಗ್ಗಬೇಡಿ, ಸಕ್ಕರೆ ಪರೀಕ್ಷಿಸಿಕೊಳ್ಳಿ

ಬೀದರ್ ಜಿಲ್ಲೆಯ ಕಮಲನಗರದ ಸುತ್ತಮುತ್ತ ಸೋಯಾ ಕೊಯ್ಲು ಶುರುವಾದರೆ ಕೈಗಳಿಗೆ ಬಿಡುವಿರುವುದಿಲ್ಲ. ಅಂಥ ಕೈಯ ಒಂದು ಬೆರಳು ಬೆಳಿಗ್ಗೆ ಎದ್ದಾಗ ಮಡಚಿದಲ್ಲೇ ನಿಂತು, ಬಿಡಿಸಿದರೆ ‘ಟಕ್’ ಎಂದು ನೆಟ್ಟಗಾದರೆ, ‘ನರ ಹಿಡಿದಿದೆ’, ‘ವಾತ ಇರಬೇಕು’ ಎನ್ನುವವರೇ ಹೆಚ್ಚು. ಎಣ್ಣೆ ಹಚ್ಚಿ ಬೆರಳನ್ನು ಜೋರಾಗಿ ಜಗ್ಗುವುದೂ ಉಂಟು. ಇದು ನರದ ತೊಂದರೆಯಲ್ಲ. ಇದರ ಹೆಸರು ಟ್ರಿಗರ್ ಫಿಂಗರ್.

ಒಳಗೆ ಏನಾಗುತ್ತದೆ?

ಬೆರಳನ್ನು ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಬೆರಳಿನವರೆಗೆ ಬರುತ್ತವೆ. ಅವು ಎಲುಬಿಗೆ ಅಂಟಿಕೊಂಡೇ ಜಾರುವಂತೆ ಉಂಗುರದಂಥ ಪಟ್ಟಿಗಳು ಹಿಡಿದಿಟ್ಟಿರುತ್ತವೆ. ಬೆರಳಿನ ಬುಡದ ಪಟ್ಟಿ ದಪ್ಪವಾಗಿ, ರಜ್ಜುವಿನಲ್ಲೂ ಗಂಟು ಮೂಡಿದರೆ, ಸೂಜಿಯ ಕಣ್ಣಿನಲ್ಲಿ ಗಂಟಿರುವ ದಾರ ಸಿಕ್ಕಂತೆ ಅದು ಸಿಕ್ಕಿಕೊಳ್ಳುತ್ತದೆ. ಅಂಗೈಯಲ್ಲಿ ಬೆರಳಿನ ಬುಡವನ್ನು ಒತ್ತಿದರೆ ನೋವಾಗುವುದು ಇದೇ ಕಾರಣಕ್ಕೆ. ಫ್ರಾನ್ಸಿನ ವೈದ್ಯ ನೋಟಾ 1850ರಲ್ಲೇ ಈ ಗಂಟನ್ನು ವಿವರಿಸಿದ್ದರು.

ಕುತ್ತಿಗೆ, ಭುಜದ ಸ್ನಾಯುಗಳಲ್ಲಿ ಒತ್ತಿದರೆ ನೋಯುವ ಬಿಗಿ ಜಾಗಗಳನ್ನು ‘ಟ್ರಿಗರ್ ಪಾಯಿಂಟ್’ ಎನ್ನುತ್ತಾರೆ. ಹೆಸರು ಹತ್ತಿರವಾದರೂ ಅದು ಬೇರೆಯೇ ತೊಂದರೆ. ಅಲ್ಲಿ ಬಿಸಿ ಶಾಖ, ಮೈ ಚಾಚುವ ವ್ಯಾಯಾಮ, ಹಗುರವಾದ ಮಾಲೀಶು ಆರಾಮ ಕೊಡಬಹುದು. ಸಿಕ್ಕಿಕೊಂಡ ಬೆರಳಿನ ಗಂಟು ಮಾಲೀಶಿನಿಂದ ಕರಗುವುದಿಲ್ಲ. ಜೋರಾಗಿ ಜಗ್ಗಿದರೆ ನೋವು, ಊತ ಹೆಚ್ಚಬಹುದು.

ಯಾರಿಗೆ ಬರುತ್ತದೆ?

40 ದಾಟಿದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಕುಡುಗೋಲು, ಖುರ್ಪಿ, ಸುತ್ತಿಗೆಯಂಥವನ್ನು ಬಿಗಿಯಾಗಿ ಹಿಡಿಯುವ ಕೆಲಸದಿಂದ ನೋವು ಹೆಚ್ಚಬಹುದು. ಆದರೆ ಎಲ್ಲವನ್ನೂ ಕೆಲಸದ ಮೇಲೆ ಹಾಕಿ ಸುಮ್ಮನಾಗಬೇಡಿ. ಸಾಮಾನ್ಯವಾಗಿ 100ರಲ್ಲಿ 2–3 ಮಂದಿಗೆ ಜೀವನದಲ್ಲಿ ಎಂದಾದರೂ ಬರುವ ಈ ತೊಂದರೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಸುಮಾರು 10 ಮಂದಿಗೆ ಬರುತ್ತದೆ. ಥೈರಾಯ್ಡ್ ಕೊರತೆ, ಸಂಧಿವಾತ ಇದ್ದವರಲ್ಲೂ ಹೆಚ್ಚು. ಒಂದಕ್ಕಿಂತ ಹೆಚ್ಚು ಬೆರಳು ಸಿಕ್ಕಿಕೊಳ್ಳುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಗೊತ್ತಿಲ್ಲದೆ ಉಳಿದ ಸಕ್ಕರೆ ಕಾಯಿಲೆ ಕಣ್ಣು, ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆ ಆಗುತ್ತದೆ.

ಚಿಕಿತ್ಸೆ ಏನು?

ಹೊಸದಾಗಿ ಶುರುವಾಗಿದ್ದರೆ ಬಿಗಿ ಹಿಡಿತದ ಕೆಲಸ ಕಡಿಮೆ ಮಾಡಿ, ಕೆಲವು ವಾರ ರಾತ್ರಿ ಬೆರಳಿಗೆ ಆಸರೆಪಟ್ಟಿ ಕಟ್ಟಿಕೊಂಡರೆ ಸಾಕಾಗಬಹುದು. ಅದರಿಂದ ಆಗದಿದ್ದರೆ ವೈದ್ಯರು ಬೆರಳಿನ ಬುಡಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಇದರಿಂದ ಗುಣ ಕಾಣುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದರ ಫಲ ಸ್ವಲ್ಪ ಕಡಿಮೆ. ಚುಚ್ಚಿಸಿದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ ವೈದ್ಯರಿಗೆ ಮೊದಲೇ ಹೇಳಿ.

ಆಗಲೂ ಬಿಡದಿದ್ದರೆ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ಕೈಗಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು ಬಿಗಿಯಾದ ಪಟ್ಟಿಯನ್ನು ಸೀಳಿ ಬಿಡಿಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಬೀದರಿನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿ ತೋರಿಸಿಕೊಳ್ಳಿ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬೆರಳಿನ ಕೀಲು ಬಿಗಿದುಕೊಂಡು, ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ನೆಟ್ಟಗಾಗದೇ ಇರಬಹುದು.

ಬೆರಳು ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಇದ್ದರೆ ಅದು ಸೋಂಕಿರಬಹುದು. ಅಂಥ ಬೆರಳನ್ನು ಅದೇ ದಿನ ವೈದ್ಯರಿಗೆ ತೋರಿಸಿ.