ಬಿತ್ತೋ ಮುಂಚೆ ಒಂದು ಗೋಣಿತಾಟು ಒದ್ದೆ ಮಾಡಿ

ಚಳ್ಳಕೆರೆ ಕಡೆ ಶೇಂಗಾ ಬಿತ್ತೋರಿಗೆ ಹದ ಮಳೆ ಸಿಗೋದೇ ಒಂದೋ ಎರಡೋ. ಆ ಹದದಲ್ಲಿ ಬೀಜ ಏಳದಿದ್ರೆ ಮಳೆಯೂ ಹೋಯ್ತು, ದುಡ್ಡೂ ಹೋಯ್ತು.

ಅದಕ್ಕೇ ಹದಿನೈದು ದಿನ ಮುಂಚೆ ಒಂದು ಕೆಲಸ. ಚೀಲದ ಮೇಲಿಂದ, ನಡುವಿಂದ, ತಳದಿಂದ ಕಾಯಿ ತೆಗೆದು ಸುಲಿದು 100 ಬೀಜ ಎಣಿಸಿ. ದಪ್ಪಗಿರೋದನ್ನೇ ಹೆಕ್ಕಬೇಡಿ, ಅದು ನಮಗೆ ನಾವೇ ಮಾಡ್ಕೊಳ್ಳೋ ಮೋಸ. ಮಿಕ್ಕಿದ್ದು ಕಾಯಲ್ಲೇ ಇರಲಿ; ಸುಲಿದಿಟ್ಟ ಬೀಜದ ಕಸುವು ಬೇಗ ಇಳಿಯುತ್ತೆ.

ಒದ್ದೆ ಗೋಣಿತಾಟಿನ ಮೇಲೆ ಹತ್ತತ್ತರ ಸಾಲಿಟ್ಟು, ಸುತ್ತಿ, ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಹತ್ತನೇ ದಿನ ಬಿಚ್ಚಿ. ಬೇರು, ಮೊಳಕೆ ಎರಡೂ ಗಟ್ಟಿಯಾಗಿ ಬಂದವನ್ನಷ್ಟೇ ಲೆಕ್ಕಕ್ಕೆ ಹಿಡೀರಿ. ಪ್ರಮಾಣಿತ ಶೇಂಗಾ ಬೀಜಕ್ಕೆ ಕನಿಷ್ಠ 70 ಅಂತ ನಿಯಮ.

ಬೀಜದ ಮೇಲೆ ಕಾಡಿಗೆ ಥರ ಕಪ್ಪು ಪುಡಿ ಕಂಡ್ರೆ? ಅದು ಆಸ್ಪರ್ಜಿಲಸ್ ಶಿಲೀಂಧ್ರ, ಸಸಿಯ ಬುಡ ಕೊಳೆಸೋದು ಇದೇ. ಬೀಜದಲ್ಲೂ ಇರುತ್ತೆ, ಮಣ್ಣಲ್ಲೂ ಇರುತ್ತೆ. ಬಿತ್ತೋ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿ ಲೇಪಿಸಿ, ನೆರಳಲ್ಲೇ ಆರಿಸಿ. ಜೋರಾಗಿ ಉಜ್ಜಬೇಡಿ ಮಾತ್ರ. ಆ ತೆಳು ಕೆಂಪು ಸಿಪ್ಪೆ ಕಿತ್ತುಬಂದ್ರೆ, ರೋಗಕ್ಕೆ ನಾವೇ ಬಾಗಿಲು ತೆಗೆದಂಗೆ.