ತುತ್ತಿನ ಹೊಸ ದಾರಿ

ಅನ್ನನಾಳವೆಂಬುದು ಅನ್ವರ್ಥವಾದ ಪದ. ಸುಮಾರು 25 ಸೆಂಟಿಮೀಟರ್ ಉದ್ದದ ಈ ದಾರಿ ಅರ್ಬುದದಿಂದಲೋ ಆಮ್ಲ ಕುಡಿದ ಅವಘಡದಿಂದಲೋ ಕೆಟ್ಟಾಗ, ವೈದ್ಯರು ಅದನ್ನು ತೆಗೆದು ಜಠರವನ್ನೇ ಕೊಳವೆಯಾಗಿಸಿ ಎದೆಯೊಳಗೆ ಮೇಲೆಳೆದು ಜೋಡಿಸುತ್ತಾರೆ. ಕೆಲವರಿಗೆ ದೊಡ್ಡ ಕರುಳಿನ ತುಂಡನ್ನು ಬಳಸುತ್ತಾರೆ. ಐವರ್ ಲೂಯಿಸ್ 1946ರಲ್ಲಿ ವಿವರಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ.

ಗಾಯ ಮಾಯ್ದಲ್ಲಿಗೆ ಎಲ್ಲವೂ ಮುಗಿಯಿತೆನ್ನುವಂತಿಲ್ಲ. ದಾವಣಗೆರೆಯ ವಿನೋಬನಗರದಲ್ಲಿ ನನ್ನ ನೆರೆಯ ಹಿರಿಯರೊಬ್ಬರಿಗೆ ಚಿಕಿತ್ಸೆಯಾದ ಎಂಟು ತಿಂಗಳಿಗೆ ತುತ್ತು ಮತ್ತೆ ಸಿಕ್ಕಿಕೊಳ್ಳತೊಡಗಿತು. ರೋಗ ಮರಳಿತೆಂದು ಬಗೆದು, ಯಾರಿಗೂ ಹೇಳದೆ ಗಂಜಿಯಲ್ಲೇ ದಿನ ದೂಡಿ ಸೊರಗಿದರು. ಪರೀಕ್ಷಿಸಿದಾಗ ಹೊಲಿಗೆಯ ಜಾಗ ಕಲೆಗಟ್ಟಿ ಕಿರಿದಾಗಿತ್ತು, ಅಷ್ಟೆ. ಎಂಡೋಸ್ಕೋಪಿನ ನೆರವಿನಿಂದ ಅದನ್ನು ಹಿಗ್ಗಿಸಿದರು. ಕೆಲವು ಸಲ ಪುನಃ ಹಿಗ್ಗಿಸಬೇಕಾಯಿತು.

ಬೇರೆ ತೊಡಕುಗಳೂ ಉಂಟು. ಜಠರದ ಬಾಯಿಯ ಸ್ನಾಯುಕವಾಟ ಇಲ್ಲವಾದ್ದರಿಂದ, ಮಲಗಿದಾಗ ಹುಳಿರಸವೂ ಪಿತ್ತವೂ ಗಂಟಲಿಗೇರಿ ಶ್ವಾಸಕೋಶಕ್ಕೆ ಇಳಿಯಬಹುದು. ಇರುಳೂಟ ಬೇಗ ಮುಗಿಸಿ, ಮಂಚದ ತಲೆಭಾಗವನ್ನು ಎತ್ತರಿಸಿ ಮಲಗುವುದು ಇದಕ್ಕಾಗಿ. ಆಹಾರ ಒಮ್ಮೆಗೇ ಕರುಳಿಗೆ ಧುಮುಕಿದರೆ, ಅದರಲ್ಲೂ ಸಿಹಿ ಉಂಡಾಗ, ಬೆವರು, ಎದೆಬಡಿತ, ಭೇದಿ ಕಾಣಿಸಿಕೊಳ್ಳುತ್ತವೆ. ಜೋಡಿಸಿದ ಕರುಳು ವರ್ಷಗಳು ಕಳೆದಂತೆ ಜೋತುಬಿದ್ದು, ಆಹಾರ ಅಲ್ಲಿಯೇ ತಂಗಬಹುದು. ಕಬ್ಬಿಣದ, ಬಿ12 ಜೀವಸತ್ತ್ವದ ಕೊರತೆ ಸದ್ದಿಲ್ಲದೆ ಬರುತ್ತದೆ. ರಕ್ತಪರೀಕ್ಷೆಯೇ ಅದನ್ನು ಹೇಳಬೇಕು.

ಇನ್ನೊಂದು ಬೆಣ್ಣೆದೋಸೆ ಬಡಿಸುವುದು ನಮ್ಮೂರಿನ ಪ್ರೀತಿಯ ರೀತಿ. ಇಂಥವರ ಮನೆಯಲ್ಲಿ ಆ ಲೆಕ್ಕ ಬೇರೆ: ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಲು ಬಿಡುವುದೇ ಉಪಚಾರ.

ತುತ್ತು ಸಿಕ್ಕಿಕೊಂಡರೆ ಹಣೆಬರಹವೆಂದು ಸುಮ್ಮನಿರಬೇಡಿ. ರೋಗವೇ ಮರಳಿದ್ದರೂ ಬೇಗ ತಿಳಿಯುವುದು ಲೇಸು. ಬರಿಯ ಕಲೆಯಾಗಿದ್ದರೆ ದಾರಿಯನ್ನು ಮತ್ತೆ ತೆರೆಯಬಹುದು.