ಕಣ್ಣು ಕಂಡದ್ದು, ಮಿದುಳು ಅರಿತದ್ದು

ದಿನವೂ ನಮ್ಮ ಹೋಟೆಲಿನ ಅದೇ ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯುವ ಗಿರಾಕಿಯೊಬ್ಬರು ದಾದರದ ರೈಲುನಿಲ್ದಾಣದಲ್ಲಿ ಎದುರಾದರೆ, 'ಇವರನ್ನು ಎಲ್ಲಿಯೋ ಕಂಡಿದ್ದೇವಲ್ಲ!' ಎಂದು ತಡವರಿಸುತ್ತೇವೆ. ಮುಖ ಅದೇ, ಮೇಜೂ ಲೋಟವೂ ಮಾತ್ರ ಇಲ್ಲ. ಗುರುತಿಸುವ ಕಾರ್ಯವು ಕಣ್ಣೊಂದರಿಂದಲೇ ನಡೆಯುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಅಮೆರಿಕದ ಮನೋವಿಜ್ಞಾನಿ ಸ್ಟೀಫನ್ ಪಾಮರ್ ಅವರು ೧೯೭೫ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಮೊದಲು ಅಡಿಗೆಮನೆಯ ಚಿತ್ರವನ್ನು ತೋರಿಸಿ, ಬಳಿಕ ಒಂದು ವಸ್ತುವಿನ ಚಿತ್ರವನ್ನು ಕ್ಷಣಮಾತ್ರ ಮಿಂಚಿಸಿದರು. ಬ್ರೆಡ್ಡನ್ನು ಹೆಚ್ಚಿನವರು ಸರಿಯಾಗಿ ಗುರುತಿಸಿದರು. ಆಕಾರದಲ್ಲಿ ಅದನ್ನೇ ಹೋಲುವ ಅಲ್ಲಿಯ ಟಪಾಲುಪೆಟ್ಟಿಗೆಯ ವಿಷಯದಲ್ಲಿ ಎಡವಿದರು. 'ಇದು ಅಡಿಗೆಮನೆ' ಎಂದರಿತೊಡನೆ, ಅಲ್ಲಿರಬಹುದಾದ ವಸ್ತುಗಳ ನಿರೀಕ್ಷೆಯನ್ನು ಮಿದುಳು ಹಿಂದಿನ ಅನುಭವದಿಂದ ಸಿದ್ಧಪಡಿಸಿಕೊಳ್ಳುತ್ತದೆ.

ನಮ್ಮ ಲಿಪಿಯನ್ನೇ ನೋಡಿರಿ. 'ಅಂಗಡಿ'ಯ ಸೊನ್ನೆಯೂ '೧೦'ರ ಸೊನ್ನೆಯೂ ಒಂದೇ ದುಂಡು. ಅಕ್ಷರಗಳ ನಡುವೆ ಅದು ನಾದ; ಅಂಕಿಗಳ ನಡುವೆ ಶೂನ್ಯ. ಓದುವಾಗ ನಾವು ಒಮ್ಮೆಯೂ ತಡೆಯುವುದಿಲ್ಲ.

ಆದರೆ ಈ ನೆರವೇ ಮೋಸವನ್ನೂ ಮಾಡುತ್ತದೆ. ತಾವು ಬರೆದ ಕಾಗದವನ್ನು ತಾವೇ ತಿದ್ದುವ ಗುಮಾಸ್ತರಿಗೆ ಬಿಟ್ಟುಹೋದ ಅಕ್ಷರ ಕಾಣದಿರುವುದು ಬರಿಯ ಅಲಕ್ಷ್ಯದಿಂದಲ್ಲ. ನೆರೆಯ ಅಕ್ಷರಗಳು ಅದನ್ನು ತುಂಬಿಕೊಡುತ್ತವೆ. ಅಂಕಿಗಾದರೋ ಅಂಥ ನೆರೆಹೊರೆಯ ಸಾಕ್ಷಿಯಿಲ್ಲ. ೫೩೦ ಇರಬೇಕಾದಲ್ಲಿ ೫೮೦ ಬಿದ್ದರೆ, ಅದೂ ಸರಿಯಾಗಿಯೇ ತೋರುತ್ತದೆ. ಆದುದರಿಂದ ಒಬ್ಬರು ಅಂಕಿಗಳನ್ನು ಒಂದೊಂದಾಗಿ ಕೂಗಿ, ಮತ್ತೊಬ್ಬರು ತಾಳೆ ನೋಡುವ ಹಳೆಯ ಪದ್ಧತಿಯನ್ನು ನಾವು ಕೈಬಿಡಲಾಗದು.

ನಿಲ್ದಾಣದಲ್ಲಿ ತಪ್ಪಿದ ನಮಸ್ಕಾರವನ್ನು ಮರುದಿನ ಮೇಜಿನ ಬಳಿ ನಕ್ಕು ತೀರಿಸಬಹುದು; ಖಾತೆಯಲ್ಲಿ ತಪ್ಪಿದ ಅಂಕಿಯನ್ನು ಸಂಬಳದಿಂದಲೇ ತೀರಿಸಬೇಕಾದೀತು!